ಕ್ಯಾಪ್ಟನ್‌ಗೆ ಇಟ್ಟ ಎಡೆ

ಸಿಡ್ನಿಗೆ ಬಂದ ಮೇಲೆ ನನ್ನೂರಿನ ಹೆಸರನ್ನು ನಾನು ಮೊದಲು ಓದಿದ್ದು ಒಂದು ಗೋರಿಕಲ್ಲಿನ ಮೇಲೆ. ಫೆಬ್ರವರಿ 9. ಮನೆಯೊಡತಿ ಮಾರ್ಗರೆಟ್ ತಮ್ಮ ಚರ್ಚಿನ ಸ್ಮಶಾನ ತೋರಿಸಲು ಕರೆದೊಯ್ದಿದ್ದರು. ಓಕ್ ಮರಗಳು, ವಾಲಿದ ಕಲ್ಲುಗಳು. "ಥೇಟ್ ಇಂಗ್ಲೆಂಡಿನ ಹಳ್ಳಿ" ಎಂದರು. ಒಬ್ಬ ನ್ಯಾಯಾಧೀಶ, ಒಬ್ಬ ಹಡಗಿನ ಮಾಲೀಕ, ಕೊನೆಗೆ ಅವರ ಮುತ್ತಜ್ಜನ ಅಜ್ಜ, ಕ್ಯಾಪ್ಟನ್. ಶ್ರೀರಂಗಪಟ್ಟಣ ಗೆದ್ದ ವೀರನಂತೆ.

"ಅದು ನಿಮ್ಮ ಕಡೆ ಊರಲ್ವಾ?"

"ನನ್ನೂರೇ" ಎಂದೆ. ಗೆದ್ದ ಮೇಲೆ ದೋಚಿದ್ದನ್ನು ಕಲ್ಲಿನಲ್ಲಿ ಬರೆಸಿರಲಿಲ್ಲ.

ನಾನಿದ್ದದ್ದು ಅವರ ಹಿತ್ತಲಿನ ಗ್ರಾನಿ ಫ್ಲಾಟಿನಲ್ಲಿ. ಒಂದು ಕೋಣೆ, ಒಂದು ಒಲೆ. ಊರಿನಲ್ಲಿ ನಮ್ಮ ಸಾರಿನ ಘಮ ಬೀದಿಗೆ ಬಂದರೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಬರುತ್ತಾರೆ. ಇಲ್ಲಿ ಮಾರ್ಗರೆಟ್ ಕಿಟಕಿ ಮುಚ್ಚುತ್ತಿದ್ದರು. ಡೈರಿಯಲ್ಲಿ ಗೀಟು ಹಾಕುತ್ತಾ ಹೋದೆ: ಆಗಸ್ಟ್‌ವರೆಗೆ ಹನ್ನೊಂದು ದೂರು. ಹನ್ನೆರಡನೆಯದು ಈಮೇಲ್: ವಾಸನೆ ಗೋಡೆಗೆ ಹಿಡಿದಿದೆ, ಲೀಸ್ ಮುಂದುವರಿಸುವುದಿಲ್ಲ. ಬೇರೆ ಮನೆ ಸಿಗಲಿಲ್ಲ. ಆಫೀಸಿನಲ್ಲಿ ಮೆಲ್ಬರ್ನ್‌ಗೆ ವರ್ಗ ಕೇಳಿಕೊಂಡೆ.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಎಡೆ ಇಡುವ ದಿನ. ಮುದ್ದೆ ಕಟ್ಟಿ, ದುಪ್ಪಟ್ಟು ಬೆಳ್ಳುಳ್ಳಿ ಅರೆದು ಮಟನ್ ಸಾರು ಮಾಡಿದೆ. ಚರ್ಚು ಬಿಡುವ ಹೊತ್ತಿಗೆ ಸರಿಯಾಗಿ ಕ್ಯಾಪ್ಟನ್‌ನ ಕಲ್ಲಿನ ಮೇಲೆ ಬಾಳೆಲೆ ಹಾಸಿ ಬಡಿಸಿದೆ. ಮಾರ್ಗರೆಟ್ ಹೂ ಹಿಡಿದು ಬಂದವರು ಮೂಗು ಮುಚ್ಚಿದರು.

"ಏನಿದು?"

"ಊಟ. ನಮ್ಮೂರಿಗೆ ಬಂದವರು ಉಣ್ಣದೆ ಹೋಗಬಾರದು. ಎಲ್ಲಾ ಹೊತ್ಕೊಂಡು ಬಂದರು, ಇದೊಂದು ಬಿಟ್ಟು ಬಂದಿದ್ದರು."

ಅವರ ಹಿಂದೆ ನಿಂತವರೆಲ್ಲ ನೋಡುತ್ತಿದ್ದರು. ಸಾರು ಎಲೆಯಿಂದ ಹರಿದು ಅಕ್ಷರಗಳ ಸಂದಿಗೆ ಇಳಿಯಿತು. ಇವನಿಗೂ ಹಿಡಿಯಲಿ ವಾಸನೆ ಎಂದುಕೊಂಡೆ. ಅಂಥ ಸುಖ ಈ ದೇಶದಲ್ಲಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಸಂಜೆ ಅವ್ವನಿಗೆ ಫೋನ್ ಮಾಡಿ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಸೇಡಿಗೆ ಯಾರಾರ ಎಡೆ ಇಕ್ತಾರಾ, ಪೆದ್ದಿ? ಎಡೆ ಇಕ್ಕೋದು ನಮ್ಮೋರಿಗೆ. ಒಂದ್ಸಲ ಉಂಡೋನು ವರ್ಸ ವರ್ಸನೂ ದಾರಿ ಕಾಯ್ತಾನೆ. ಇನ್ನು ನೀನು ಬಿಡಂಗಿಲ್ಲ ಕಣವ್ವ."

"ಅವನು ಕಳ್ಳ ಕಣವ್ವ!"

"ಆಗ್ಲಿ. ಉಪ್ಪು ಸರಿಯಾಗಿ ಹಾಕಿದ್ಯಾ?"

ಈಗ ಮೆಲ್ಬರ್ನ್ ಅಂಚಿನ ವೆರಿಬೀಯಲ್ಲಿದ್ದೇನೆ. ಇಲ್ಲಿ ಎಡಬಲದ ಮನೆಗಳಲ್ಲೂ ಒಗ್ಗರಣೆ. ಯಾರೂ ಕಿಟಕಿ ಮುಚ್ಚುವುದಿಲ್ಲ. ಬರುವ ಮಹಾಲಯ ಅಮಾವಾಸ್ಯೆಗೆ ರಜೆ ಹಾಕಿದ್ದೇನೆ, ಊರಿಗಲ್ಲ, ಸಿಡ್ನಿಗೆ. ಊರಿನ ಹಿರಿಯರಿಗೆ ಅವ್ವ ಇಡುತ್ತಾಳೆ. ಈ ದೇಶದಲ್ಲಿ ನನಗಿರುವ ಹಿರಿಯ ಆ ಕಳ್ಳನೊಬ್ಬನೇ. ಖಾರ ಮಾತ್ರ ಕಡಿಮೆ ಮಾಡುವುದಿಲ್ಲ.