ಮಾವನವರು ಎರಡು ಸಲ ಮಿಂದ ದಿನ

ನನ್ನ ಬಾಯಿ ಮೊದಲಿನಿಂದಲೂ ಜೋರು. ತವರು ಸುಗಟೂರಿನಲ್ಲಿ ಅಜ್ಜಿ ಅದಕ್ಕೇ ತಲೆಗೆ ಮೊಟಕುತ್ತಿದ್ದಳು. ಮುಳಬಾಗಿಲಿಗೆ ಸೊಸೆಯಾಗಿ ಬಂದ ಮೇಲೆ ಮೊಟಕುವವರೂ ಇರಲಿಲ್ಲ. ಅತ್ತೆ ಪಾಪದವರು, "ಸುಗಟೂರಿನ ನೀರೇ ಹಂಗೆ ಬಿಡಿ" ಎಂದು ನಕ್ಕು ಸುಮ್ಮನಾಗುತ್ತಿದ್ದರು.

ಮದುವೆಯಾದ ಎರಡೇ ವರ್ಷಕ್ಕೆ ನನ್ನ ಗಂಡ ಪಟಾಲಂ ಸೇರಿ, ದಂಡಿನ ಲಾರಿ ಓಡಿಸಲು ಸಿಂಗಪುರಕ್ಕೆ ಹೋದರು. ಸಿಂಗಪುರ ಜಪಾನಿನವರ ಕೈಗೆ ಬಿದ್ದಾಗ ಸೆರೆ ಸಿಕ್ಕಿದರು. ಕ್ಷೇಮವಾಗಿದ್ದೇನೆ ಎಂದು ಒಂದು ಕಾರ್ಡು ಬಂತು. ಆಮೇಲೆ ಏನೂ ಇಲ್ಲ. ಮಾವನವರು ಸ್ಕೂಲಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಮಧ್ಯಾಹ್ನದ ಬಸ್ಸಿನಲ್ಲಿ ಬರುವ ಪೇಪರನ್ನು ಜಗಲಿಯಲ್ಲಿ ಕೂತು ಬೀದಿಗೆಲ್ಲ ಕೇಳುವ ಹಾಗೆ ಓದುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ನಲವತ್ತೈದನೇ ಇಸವಿ, ಆಗಷ್ಟೇ ಶ್ರಾವಣ ಹುಟ್ಟಿತ್ತು. ಜಪಾನಿನ ಎರಡನೇ ಊರಿನ ಮೇಲೂ ಆ ಹೊಸ ಬಾಂಬು ಬಿದ್ದಿದೆ, ಒಂದೊಂದು ಬಾಂಬಿಗೆ ಒಂದೊಂದು ಊರು ಬೂದಿಯಾಗಿದೆ, ಜಪಾನಿನವರು ಸೋಲೊಪ್ಪುತ್ತಾರಂತೆ ಎಂದು ಓದಿದರು. "ಇನ್ನೇನು ಮೇಷ್ಟ್ರೇ, ನಿಮ್ಮ ಹುಡುಗ ಬಂದಂಗೇನೇ" ಎಂದು ಬೀದಿಯವರು ಎದ್ದು ಹೋದರು. ನಾನು ಅಡುಗೆಮನೆಗೆ ಓಡಿ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಬೆಲ್ಲವನ್ನೆಲ್ಲ ಪಾಯಸಕ್ಕೆ ಹಾಕಿದೆ. ಸುಳ್ಳೇಕೆ ಹೇಳಲಿ, ಕುಣಿಯುವಷ್ಟು ಸಂತೋಷವಾಗಿತ್ತು.

ಹಿತ್ತಲಲ್ಲಿ ನೀರಿನ ಸದ್ದಾಯಿತು. ಬೆಳಿಗ್ಗೆಯೇ ಸ್ನಾನ ಮಾಡಿದ್ದ ಮಾವನವರು ಉಟ್ಟ ಪಂಚೆಯಲ್ಲೇ ಬಾವಿಯ ಹತ್ತಿರ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದರು. ನಮ್ಮಲ್ಲಿ ಹಾಗೆ ಮೀಯುವುದು ನೆಂಟರು ಸತ್ತ ಸುದ್ದಿ ಬಂದಾಗ. ಅತ್ತೆಗೆ ಗಾಬರಿಯಾದರೆ ತೆಲುಗೇ ಬರುತ್ತಿತ್ತು. "ಎವರಂಡಿ ಪೋಯಿಂದಿ? ಯಾರ್ ಹೋದ್ರು ಹೇಳಬಾರ್ದಾ?" ಎಂದು ಕಂಬ ಹಿಡಿದು ಕೇಳಿದರು.

"ಹೆಸರು ಗೊತ್ತಿಲ್ಲ ಕಣೇ," ಎಂದರು ಮಾವ. "ಆ ಎರಡೂರಿನೋರು."

ನನಗೆ ಮೈಯೆಲ್ಲ ಉರಿದುಹೋಯಿತು. ಮಗ ಶತ್ರುಗಳ ಕೈಲಿರುವಾಗ ಸಾವಿನ ಸ್ನಾನ ಮಾಡುತ್ತಾರಲ್ಲ, ಇದಕ್ಕಿಂತ ಅಪಶಕುನ ಇನ್ನೇನಿದೆ? ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಅವತ್ತು ಸೌಟು ಹಿಡಿದುಕೊಂಡೇ ಹೋಗಿ ನಿಂತೆ.

"ಯಾರಿಗೆ ಮಿಂದ್ರಿ ಮಾವ? ನಿಮ್ಮ ಮಗನ್ನ ಸೆರೆ ಹಾಕಿರೋರಿಗಾ?"

"ಸೆರೆ ಹಾಕಿದೋರು ಬೇರೆ ಕಣಮ್ಮ. ಬೆಳಿಗ್ಗೆ ಎದ್ದು ಅಲ್ಲಿ ಒಲೆ ಹಚ್ತಿದ್ದೋರು ಬೇರೆ."

"ಅವರು ಸಾಯದೆ ಯುದ್ಧ ನಿಲ್ತಿತ್ತಾ? ಇವರು ಬರ್ತಿದ್ರಾ?"

ಮಾವ ಒದ್ದೆ ಮುಖವನ್ನು ಕೈಯಲ್ಲಿ ಒರೆಸಿಕೊಂಡರು. "ಬರ್ತಿರ್ಲಿಲ್ವೇನೋ. ಅದಕ್ಕೇ ಮಿಂದೆ. ಅವರ ಪ್ರಾಣ ಹೋಗಿ ನನ್ನ ಮಗ ಮನೆಗೆ ಬರ್ತಾನೆ ಅಂದ್ಮೇಲೆ, ಅವರು ನಮಗೇನಾಗ್ಬೇಕು ಅಂತ ಹೆಂಗಮ್ಮ ಕೇಳ್ಲಿ?"

"ಇನ್ನೂ ನಾಲ್ಕೂರು ಸುಡ್ಲಿ," ಎಂದೆ. "ಮಕ್ಕಳು ಮರಿ ಸಮೇತ ಸುಡ್ಲಿ. ನಂಗೆ ನನ್ನ ಗಂಡ ಬೇಕು."

ಮಾವ ಎದ್ದು ಪಂಚೆ ಹಿಂಡಿಕೊಂಡರು. ಪಾಯಸ ಮುಟ್ಟಲಿಲ್ಲ. ನಾನು ಹಟಕ್ಕೆ ಎರಡು ಲೋಟ ಕುಡಿದೆ.

ಸಂಕ್ರಾಂತಿ ಹತ್ತಿರ ಬಂದಾಗ ಮಾಲೂರು ಕಡೆಯ ಒಬ್ಬ ಸಿಪಾಯಿ ಮನೆ ಹುಡುಕಿಕೊಂಡು ಬಂದ. ನನ್ನ ಗಂಡನ ಜೊತೆಗೇ ಸೆರೆಯಲ್ಲಿದ್ದವನು. ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು ಯಾರ ಮುಖವನ್ನೂ ನೋಡದೆ ಹೇಳಿದ. ಯಾವುದೋ ದ್ವೀಪದಲ್ಲಿ ಜಪಾನಿನವರು ಸೆರೆಯಾಳುಗಳಿಂದ ವಿಮಾನ ಇಳಿಯುವುದಕ್ಕೆ ನೆಲ ಮಟ್ಟ ಮಾಡಿಸುತ್ತಿದ್ದರಂತೆ. ಅಲ್ಲಿ ನನ್ನವರಿಗೆ ಜ್ವರ ಬಂತಂತೆ, ಔಷಧಿ ಇರಲಿಲ್ಲವಂತೆ. ಗುಂಡಿ ತೋಡಿದವನು ತಾನೇ ಎಂದ.

ಅತ್ತೆ ಇದ್ದಲ್ಲೇ ಕುಸಿದರು. ನಾನು ಅಳಲಿಲ್ಲ, ಮಾವನ ಕಡೆ ತಿರುಗಿದೆ. "ನೀವು ಮಿಂದಿದ್ದಕ್ಕೇ," ಎಂದು ಶುರು ಮಾಡಿದೆ. "ಅಲ್ಲ, ನಾನು ಅಂದಿದ್ದಕ್ಕೆ. ಮಕ್ಕಳು ಮರಿ ಸುಡ್ಲಿ ಅಂದೆನಲ್ಲ ಮಾವ, ಅದು ನಮಗೇ ತಟ್ತು."

ಮಾವ ಸಿಪಾಯಿಯ ಕಡೆ ತಿರುಗಿ ಕೇಳಿದರು. "ಯಾವಾಗಪ್ಪ ಹೋಗಿದ್ದು?"

"ಯುದ್ಧ ನಿಲ್ಲೋಕೆ ಒಂದು ವರ್ಷ ಮುಂಚೇನೇ ಸ್ವಾಮಿ. ಆ ಬಾಂಬು ಇನ್ನೊಂದು ತಿಂಗಳು ತಡ ಆಗಿದ್ರೆ ನಾನೂ ಇರ್ತಿರ್ಲಿಲ್ಲ."

ಮಾವ ಅವನ ಬೆನ್ನ ಮೇಲೆ ಕೈಯಿಟ್ಟು, "ನೀನಾದ್ರೂ ಬಂದ್ಯಲ್ಲಪ್ಪ," ಎಂದರು. ಆಮೇಲೆ ನನ್ನನ್ನು ನೋಡಿದರು. "ಕೇಳಿದ್ಯಾ ತಾಯಿ? ನಿನ್ನ ಮಾತಿಂದ ಅಲ್ಲ. ನೀನು ಅದನ್ನ ಅನ್ನೋ ಹೊತ್ತಿಗೆ ಅವನು ಹೋಗಿ ವರ್ಷ ಆಗಿತ್ತು."

ನನ್ನ ಎದೆಯ ಭಾರ ಇಳಿಸಲೆಂದೇ ಅವರು ಹಾಗೆ ಹೇಳಿದ್ದು. ಹೆತ್ತ ಮಗನನ್ನು ಕಳೆದುಕೊಂಡ ಗಳಿಗೆಯಲ್ಲಿ ಸೊಸೆಗೆ ಸಮಾಧಾನ ಹೇಳಿದ ಮನುಷ್ಯ. ಆದರೆ ನಾನು ಬಿಕ್ಕಿ ಬಿಕ್ಕಿ ಅತ್ತದ್ದು ಆಗ. ಮಣ್ಣಾಗಿ ವರ್ಷವಾಗಿದ್ದ ಗಂಡನಿಗಾಗಿ, ಇನ್ನೂ ಉಸಿರಾಡುತ್ತಿದ್ದ ಮಕ್ಕಳನ್ನು ಸುಡಲಿ ಎಂದಿದ್ದೆ.