ಅಂಪೈರ್ ಇಲ್ಲದ ಪಂದ್ಯ

ಶಿರಸಿಯ ಕಾಲೇಜಿನಲ್ಲಿ ಬಿಬಿಎ ಮಕ್ಕಳಿಗೆ ನೈತಿಕ ನಾಯಕತ್ವ ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಪಾಠ ಮಾಡಿದರೆ ತೂಕಡಿಸುತ್ತಾರೆಂದು ಅಂಪೈರ್ ಇಲ್ಲದ ಕ್ರಿಕೆಟ್ ಆಡಿಸಿದೆ. ಔಟಾದವರು ತಾವೇ ಒಪ್ಪಿಕೊಂಡು ಹೊರಡಬೇಕು. ಆಶ್ಚರ್ಯವೆಂದರೆ ಮಕ್ಕಳು ಹಾಗೇ ಮಾಡಿದರು. ಅದನ್ನು ನೋಡಿ ಉಮೇದು ಬಂದು ಪ್ರಿನ್ಸಿಪಾಲರೂ ಬ್ಯಾಟು ಹಿಡಿದರು. ಮೊದಲ ಚೆಂಡೇ ಬ್ಯಾಟಿಗೆ ತಾಗಿದ ಸದ್ದು ಮೈದಾನಕ್ಕೆಲ್ಲ ಕೇಳಿತು. ಕೀಪರ್ ಸವಿತಾ ಕ್ಯಾಚ್ ಹಿಡಿದಳು. ಅವರು ಕದಲಲಿಲ್ಲ.

"ಸರ್, ನೀವು ಔಟು," ಎಂದಳು.

"ಎಂತ ಔಟು ಮಾರಾಯ್ತಿ? ಆಡಿದವರೇ ಒಪ್ಕೋಬೇಕು ಅಂತಲ್ದಾ ನಿಯಮ? ನಾ ಒಪ್ಪಿದ್ನಾ?"

ಸವಿತಾ ನನ್ನ ಮುಖ ನೋಡಿದಳು. ನಿಯಮ ನನ್ನದೇ; ಮುಂದಿನ ಚೆಂಡು ಹಾಕಿಸಿದೆ.

ಕೊನೆಯವರೆಗೂ ಔಟಾಗದೆ ಉಳಿದವರು ಅವರೊಬ್ಬರೇ. ಉತ್ತಮ ನಾಯಕ ಪ್ರಶಸ್ತಿ ಅವರಿಗೇ ಬಂತು. ಪ್ರದಾನ ಮಾಡುವವರೂ ಅವರೇ ಆಗಿದ್ದರಿಂದ, ಟ್ರೋಫಿ ಅವರ ಎಡಗೈಯಿಂದ ಬಲಗೈಗೆ ಹೋಯಿತು.