ಸೊಸೆಯ ಪರದೆಯಲ್ಲಿ ಮಿನುಗಿದ ಚುಕ್ಕೆ

ಅಮ್ಮ ಹೊಲಿಗೆ ಬಿಟ್ಟು ಆಂಟೆನಾ ಮುಚ್ಚಳಗಳ ಕಾರ್ಖಾನೆ ಸೇರಿದಾಗ ನೆಂಟರೆಲ್ಲ ನಕ್ಕಿದ್ದರು. ಅಲ್ಲಿ ಆಕೆಗೆ ಸಿಕ್ಕಿದ್ದೂ ಒಂದು ಬಗೆಯ ಹೊಲಿಗೆಯೇ, ಸೂಜಿ ಮಾತ್ರ ಇಲ್ಲ. ಹಡಗಿನ ಮೇಲಿನ ಆಂಟೆನಾ ದೂರದ ರೇಡಾರಿಗೆ ಎದ್ದು ಕಾಣುತ್ತದೆ. ಅದಕ್ಕೇ ಗುಮ್ಮಟದಂಥ ಮುಚ್ಚಳ ಹಾಕಿ, ಅದರ ಮೈಗೆ ಪುಟ್ಟ ಉಂಗುರದಾಕಾರದ ಸೀಳುಗಳನ್ನು ಕೊರೆದ ತಾಮ್ರದ ಹಾಳೆ ಅಂಟಿಸುತ್ತಾರೆ. ಉಂಗುರಗಳ ಅಳತೆಗೆ ಒಪ್ಪುವ ರೇಡಿಯೋ ಅಲೆ, ಅಂದರೆ ಆ ಆಂಟೆನಾದ ಸ್ವಂತ ಅಲೆ, ಸಲೀಸಾಗಿ ಓಡಾಡುತ್ತದೆ. ಉಳಿದವು ಮುಚ್ಚಳಕ್ಕೆ ಬಡಿದು ಎತ್ತಲೋ ಜಾರಿಹೋಗುತ್ತವೆ, ರೇಡಾರಿಗೆ ಮರಳುವುದಿಲ್ಲ. ಎರಡು ಹಾಳೆ ಕೂಡುವಲ್ಲಿ ಉಂಗುರದ ಸಾಲು ತಪ್ಪಬಾರದು, ಅಷ್ಟೇ. ಚೌಕಳಿ ಬಟ್ಟೆಯಲ್ಲಿ ಗೆರೆಗೆ ಗೆರೆ ಕೂಡಿಸಿ ಹೊಲಿದವಳಿಗೆ ಅದು ನೀರು ಕುಡಿದಷ್ಟು ಸುಲಭ.

ಮುಚ್ಚಳಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಕೂರುವವಳು ನನ್ನ ಹೆಂಡತಿ. ಮುಚ್ಚಳದ ಮೇಲೆ ರೇಡಾರಿನ ಅಲೆ ಬಿಡುತ್ತಾಳೆ, ತಪ್ಪಿದ್ದ ಕಡೆಯಿಂದ ಅಲೆ ಮರಳಿ ಬಂದು ಪರದೆಯಲ್ಲಿ ಚುಕ್ಕೆಯಾಗಿ ಹೊಳೆಯುತ್ತದೆ. ಅಲ್ಲಿಂದಿಲ್ಲಿಗೆ ಗಾಡಿ ತಳ್ಳುವವನು ನಾನು. ಅತ್ತೆ ಅಂಟಿಸಿದ್ದರಲ್ಲಿ ಸೊಸೆ ತಪ್ಪು ಹುಡುಕುವುದು! ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆ ನಾನು. ಪುಣ್ಯಕ್ಕೆ ಪರದೆ ಯಾವಾಗಲೂ ಕಪ್ಪಗೇ ಇರುತ್ತಿತ್ತು. "ಏನೂ ಕಾಣ್ಲಿಲ್ಲ ಅತ್ತೆ" ಎಂದು ಅವಳು ಹೇಳಿದ ಸಂಜೆ ಅಮ್ಮ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು.

ಈ ಸಲ ಪರದೆಯಲ್ಲಿ ಚುಕ್ಕೆಯೊಂದು ಮಿನುಗಿತು.

"ಹಾಳೆ ಕೂಡಿರೋ ಜಾಗದಲ್ಲೇ ಹೊಳೀತಿದೆ, ಅತ್ತೆ."

"ನನ್ನ ಕೆಲಸದಲ್ಲಾ? ನಿನ್ನ ಯಂತ್ರಕ್ಕೇ ಹುಚ್ಚು ಹಿಡಿದಿರ್ಬೇಕು!"

ಹೆಂಡತಿ ಅಮ್ಮನ ಬೆರಳು ಹಿಡಿದು ಆ ಜಾಗದ ಮೇಲಿಟ್ಟಳು. "ಸಾಲು ಕೂಡಿದ್ಯಾ, ನೋಡಿ ಹೇಳಿ."

ಅಮ್ಮ ಬಗ್ಗಿದಳು, ತಲೆ ಓರೆ ಮಾಡಿದಳು, ಬೆಳಕಿನತ್ತ ತಿರುಗಿದಳು. ಉಂಗುರಗಳು ಅರ್ಧ ಸಾಲು ಜಾರಿದ್ದು ನನಗೇ ಕಾಣುತ್ತಿತ್ತು.

"ಯಾವಾಗಿಂದ ಹೀಗೆ?" ಹೆಂಡತಿ ಮೆಲ್ಲಗೆ ಕೇಳಿದಳು.

"ಕಣ್ಣಿಗೆ ಮಂಜು ಕವಿದು ವರ್ಷ ಆಯ್ತು ಕಣೇ. ಬೆರಳಲ್ಲೇ ತಡವಿ ಅಂಟಿಸ್ತಿದ್ದೆ. ಈ ಸಲದ ಹಾಳೆ ತೀರಾ ನುಣುಪು, ಸಿಗ್ಲಿಲ್ಲ. ಗೊತ್ತಾದ್ರೆ ಈ ಮೇಜು ಬಿಡಿಸ್ತಾರೆ. ಮೇಜು ಬಿಟ್ಟು ನಾನೇನು ಗೋಡೆ ನೋಡ್ತಾ ಕೂರ್ಲಾ?"



ವಿಷಯ ತಿಳಿದ ಕಾರ್ಖಾನೆಯ ಮೇಸ್ತ್ರಿ, ಆ ಮೇಜಿಗೆ ಬೇರೆಯವರನ್ನು ಕೂರಿಸುತ್ತೇನೆ ಎಂದರು. ಹೆಂಡತಿ ಅಡ್ಡ ನಿಂತಳು. "ಮುಚ್ಚಳ ಕೆಟ್ಟಿದೆ, ನಿಜ. ಆದ್ರೆ ಕಣ್ಣಿನ ಪೊರೆ ತೆಗೆಸ್ಕೊಂಡು ಬಂದು ಅವರೇ ಸರಿಮಾಡ್ಲಿ ಸಾರ್. ಆಮೇಲೂ ಚುಕ್ಕೆ ಕಂಡ್ರೆ ನಾನೇ ಅವರನ್ನ ಮೇಜಿಂದ ಎಬ್ಬಿಸ್ತೀನಿ."

ಮೇಸ್ತ್ರಿ ಒಪ್ಪಿದರು. ಅಮ್ಮನಿಗೆ ಮಾತ್ರ ಆ ಕೊನೆಯ ಮಾತು ಮುಳ್ಳಿನಂತೆ ನಾಟಿತು. ಸೊಸೆಯ ಜೊತೆ ಮಾತು ಬಿಟ್ಟಳು. ಆಸ್ಪತ್ರೆಗೆ ನನ್ನ ತೋಳು ಹಿಡಿದು ಹೋದಳು, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೂ ಅವಳತ್ತ ಮುಖ ತಿರುಗಿಸಲಿಲ್ಲ. ಮನೆಯಲ್ಲಿ ಸೌಟಿನ ಸದ್ದಷ್ಟೇ.

ಡಾಕ್ಟರು ಒಪ್ಪಿದ ಮೇಲೆ ಅಮ್ಮ ಮೇಜಿಗೆ ಮರಳಿ, ಹಳೆಯ ಹಾಳೆ ಕಿತ್ತು ಹೊಸದು ಅಂಟಿಸಿದಳು. ನಾನು ಅದನ್ನು ಗಾಡಿಯಲ್ಲಿ ಪರೀಕ್ಷೆಯ ಕೋಣೆಗೆ ತಳ್ಳಿದೆ, ಅಮ್ಮನೂ ಹಿಂದೆಯೇ ಬಂದಳು. ಪರೀಕ್ಷೆ ಮುಗಿಯಿತು. ಪರದೆ ಕಪ್ಪಗಿತ್ತು.

"ಏನೂ ಕಾಣ್ಲಿಲ್ಲ, ಅತ್ತೆ."

"ಸರಿ, ಮೇಜು ನಿಮ್ಮದೇ" ಎಂದು ಮೇಸ್ತ್ರಿ ಹೊರಟರು.

ಅಮ್ಮ ಅವರ ಮಾತು ಕೇಳಿಸಿಕೊಂಡಳೋ ಇಲ್ಲವೋ. ಪರದೆಯ ಮುಂದೆ ಬಗ್ಗಿದ್ದ ಸೊಸೆಯ ಬೈತಲೆಯನ್ನೇ ನೋಡುತ್ತಿದ್ದಳು.

"ಇಷ್ಟೊಂದು ಬಿಳಿಕೂದಲು ಯಾವಾಗ ಬಂತೇ ನಿಂಗೆ?"

"ನಿಮ್ಮ ಮುಚ್ಚಳ ನೋಡಿ ನೋಡಿ" ಎಂದು ಹೆಂಡತಿ ನಕ್ಕಳು.

ಅಮ್ಮ ನಗಲಿಲ್ಲ. ಆ ತಲೆಯನ್ನು ಎದೆಗೆ ಎಳೆದುಕೊಂಡಳು.